ಅಂಗೈಗೆ ಬರುತ್ತಿದ್ದ ಉಸಿರು

ಆ ದಿನಗಳಲ್ಲಿ ಕೊಳ್ಳೇಗಾಲದ ನಮ್ಮ ಬೀದಿ ಏಳುತ್ತಿದ್ದುದು ಮಗ್ಗದ ಸದ್ದಿಗೆ. ನನ್ನ ದಿನ ಮಾತ್ರ ಅಕ್ಕನ ಬೆನ್ನ ಮೇಲೆ ಅಂಗೈ ಇಡುವುದರಿಂದ ಶುರುವಾಗುತ್ತಿತ್ತು.

ಅಕ್ಕನಿಗೆ ಆಗ ಹದಿಮೂರು. ಬೆನ್ನುಮೂಳೆ ಒಂದು ಕಡೆಗೆ ಬಾಗಿ ಬೆಳೆಯುತ್ತಿತ್ತು. ಮೈಸೂರಿನ ಡಾಕ್ಟರು ಎದೆಯಿಂದ ಸೊಂಟದವರೆಗೆ ಬಿಗಿಯುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಮಾಡಿಸಿಕೊಟ್ಟಿದ್ದರು. ನಮ್ಮ ಮನೆಯಲ್ಲಿ ಅದು ಬೆಲ್ಟು. ಸ್ನಾನ, ವ್ಯಾಯಾಮ ಬಿಟ್ಟರೆ ಇಡೀ ದಿನ ಅದರೊಳಗೇ ಇರಬೇಕು. ಬೀದಿಯ ಹುಡುಗರು ಅದನ್ನು ಬಾಗಿಲಿನಂತೆ ತಟ್ಟಿ, "ಯಾರವ್ರೆ ಒಳ್ಗೆ?" ಅನ್ನುವರು. ಅಕ್ಕ ತಿರುಗಿಯೂ ನೋಡದೆ, "ನಾಳೆ ಬಾ ಕಣ್ಲಾ" ಅನ್ನುವಳು.

ಬೆಳಿಗ್ಗೆ ಬೆಲ್ಟು ಬಿಚ್ಚಿದರೆ ಬೆವರು, ಪೌಡರು ಬೆರೆತ ವಾಸನೆ. ಅಕ್ಕ ಚಾಪೆಯ ಮೇಲೆ ಕೂತು, ಡಾಕ್ಟರು ಹೇಳಿಕೊಟ್ಟ ವ್ಯಾಯಾಮದಂತೆ, ಬೆನ್ನಿನ ತಗ್ಗಾದ ಕಡೆಗೆ ಉಸಿರು ತುಂಬಬೇಕು. ತುಂಬಿತೋ ಇಲ್ಲವೋ ಹೇಳುವ ಕೆಲಸ ನನ್ನದು.

"ಬಂತೇನೇ?"

"ಇನ್ನೂ ಇಲ್ಲ ಕಣಕ್ಕ."

ಆಮೇಲೆ ಮೆಲ್ಲಗೆ, ಹೆಂಚಿನ ಮೇಲೆ ರೊಟ್ಟಿ ಉಬ್ಬುವಂತೆ, ಪಕ್ಕೆಲುಬು ನನ್ನ ಅಂಗೈಯನ್ನು ತಳ್ಳುತ್ತಿತ್ತು. ಅಷ್ಟರಲ್ಲಿ ಅವ್ವ ಅರೆಯುತ್ತಿದ್ದ ಹುಚ್ಚೆಳ್ಳು ಚಟ್ನಿಯ ಘಮ.

ಒಂದು ಬೇಸಿಗೆಯಲ್ಲಿ ಬೆಲ್ಟಿನ ಪಟ್ಟಿ ಸವೆದು ಕಚ್ಚಿಕೊಳ್ಳದಾಯಿತು. ಮೈಸೂರಿಗೆ ಹೋಗುವುದು ಮುಂದಿನ ವಾರ. ಅಲ್ಲಿಯವರೆಗೆ ಇರಲೆಂದು ಅಪ್ಪ ರೇಷ್ಮೆಯ ಹುರಿ ಹೊಸೆದು ಪಟ್ಟಿಗೆ ಹೊಲಿದ. ಇಷ್ಟೇ ಬಿಗಿಯಬೇಕೆಂದು ಡಾಕ್ಟರು ಪೆನ್ನಿನಲ್ಲಿ ಹಾಕಿದ್ದ ಗುರುತು ದಾಟಿಸಿ ಎಳೆದ. "ಹಾಸಿನ ಎಳೆ ಬಿಗಿಯಾಗಿದ್ರೆ ತಾನೆ ಸೀರೆ ನೆಟ್ಟಗೆ ಬರೋದು? ಮೈಯೂ ಅಂಗೇ ಕಣವ್ವ" ಎಂದ. ಅಕ್ಕನಿಗೂ ಬೇಗ ನೆಟ್ಟಗಾಗುವ ಆಸೆ. "ಇನ್ನೊಂಚೂರು ಎಳಿಯಪ್ಪ" ಎಂದಳು. ಮಗ್ಗದಲ್ಲಿ ಎಳೆ ಕಡಿದರೆ ಹಾಕುವ ಗಂಟನ್ನೇ ಅಪ್ಪ ಹಾಕಿದ. ಎಳೆದಷ್ಟೂ ಬಿಗಿಯುವ ಗಂಟು ಅದು.

ಮಧ್ಯಾಹ್ನ ಮುದ್ದೆ ಉಂಡು ಎದ್ದವಳು ಅಪ್ಪ ಕೂತು ನೇಯುವ ಮಗ್ಗದ ಗುಂಡಿಯ ಅಂಚಿನಲ್ಲಿ ಕುಸಿದಳು. ತುಟಿ ಬೂದಿಯ ಬಣ್ಣ. ಬಾಯಿ ತೆರೆದಿದೆ, ಉಸಿರು ಒಳಗೆ ಹೋಗುತ್ತಿಲ್ಲ. ಕೂದಲಿನಂಥ ಎಳೆಗಳನ್ನು ನೋಡದೆಯೇ ಗಂಟು ಹಾಕುವ ಅಪ್ಪನ ಬೆರಳುಗಳು ತಾವೇ ಹಾಕಿದ ಗಂಟಿನ ಮೇಲೆ ಜಾರುತ್ತಿದ್ದವು.

"ಕತ್ರಿ ತಕಂಬಾ ಮಗ."

ಹುರಿ ಕತ್ತರಿಸುತ್ತಲೇ ಬೆಲ್ಟು ಬಾಯಿಬಿಟ್ಟಿತು. ನಾನು ಅಕ್ಕನ ಬೆನ್ನಿಗೆ ಅಂಗೈ ಇಟ್ಟೆ. ಏನೂ ಬರಲಿಲ್ಲ. ಅದು ಎಷ್ಟು ಹೊತ್ತೋ ಗೊತ್ತಿಲ್ಲ. ಬಸ್ಸಿನಲ್ಲಿ ಕೂತಾಗ, ಸಾರಿಗೆ ಒಗ್ಗರಣೆ ಹಾಕುವಾಗ, ಈಗಲೂ ಆ ಹೊತ್ತಿನೊಳಕ್ಕೆ ಬಿದ್ದುಬಿಡುತ್ತೇನೆ. ಕೊನೆಗೆ ಅಂಗೈಯಡಿ ಸಣ್ಣಗೆ ಉಬ್ಬಿತು.

"ಬಂತು ಕಣಪ್ಪ" ಎಂದೆ. ಅಪ್ಪ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಅತ್ತ.

ಬೆಲ್ಟು ಇರುವುದು ಬೆಳೆಯುವ ಮೂಳೆ ಇನ್ನಷ್ಟು ಬಾಗದಂತೆ ತಡೆಯಲು, ಎಳೆದು ನೆಟ್ಟಗೆ ಮಾಡಲು ಅಲ್ಲ ಎಂದು ಮೈಸೂರಿಗೆ ಹೋದಾಗ ಡಾಕ್ಟರು ತಿಳಿಸಿ ಹೇಳಿದರು. ಅಲ್ಲಿಂದ ಮುಂದೆ ಅಪ್ಪ ಪಟ್ಟಿ ಹಾಕುವಾಗಲೆಲ್ಲ ಗುರುತು ನೋಡಲು ನನ್ನನ್ನು ಕೂಗುತ್ತಿದ್ದ.

ಅಕ್ಕ ಬೆಳೆದು ನಿಂತ ಮೇಲೆ, ಇನ್ನು ಬೆಲ್ಟು ಸಾಕು ಎಂದರು ಡಾಕ್ಟರು. ಮನೆಯಲ್ಲಿ ಪಾಯಸ. ಅಕ್ಕ ಬೀದಿಯುದ್ದಕ್ಕೂ ಓಡಿದಳು. ಮರುದಿನ ಬೆಳಿಗ್ಗೆ ನಾನು ಚಾಪೆ ಹಾಸಿ ಕಾದೆ. ಅವಳು ಮುಸುಕೆಳೆದು ಮಲಗಿದ್ದಳು.

ಈಗ ಅಕ್ಕ ಮಾಂಬಳ್ಳಿಯಲ್ಲಿದ್ದಾಳೆ, ಒಂದೇ ಬಸ್ಸಿನ ದೂರ. ಬೆನ್ನು ಕೊಂಚ ಓರೆಯೇ. ಅವಳಿಗೆ ಅದರ ಗ್ಯಾನವೂ ಇಲ್ಲ. ಬಂದಾಗ ಮಕ್ಕಳ ಮಾತು, ಊರಿನ ಮಾತು. ಬಸ್ಸು ಹತ್ತಿಸುವ ನೆಪದಲ್ಲಿ ಬೆನ್ನ ಮೇಲೆ ಕೈಯಿಡುತ್ತೇನೆ. ಅವಳು ಮಾತಾಡುತ್ತಲೇ ಇರುತ್ತಾಳೆ. ಸೀರೆಯಡಿ ಉಸಿರು ತಾನಾಗಿ ಬರುತ್ತದೆ, ಹೋಗುತ್ತದೆ.

ಬಂತೇನೇ ಎಂದು ಅವಳು ಕೇಳುವುದಿಲ್ಲ.