ಪಟದ ನಾಲ್ಕನೇ ಅಂಚು

ಒದ್ದೆ ಬಟ್ಟೆಯ ಗಂಟು ಬಿಚ್ಚಿದ್ದೇ ತಡ, ಮನೆ ತುಂಬ ಮಲ್ಲಿಗೆಯ ವಾಸನೆ. ಉಳಿದಿದ್ದದ್ದು ಮುಕ್ಕಾಲು ಮೊಳ ಹೂವು ಅಷ್ಟೇ. ಪಕ್ಕದಲ್ಲಿ ಮಗಳು ಆಯತದ ಸುತ್ತಳತೆಯ ಲೆಕ್ಕ ಹಿಡಿದು ಕೂತಿದ್ದಳು. ಆ ಲೆಕ್ಕವನ್ನು ನಾನು ಕಲಿತದ್ದು ಹಡಗಲಿಯ ಶಾಲೆಯಲ್ಲಿ. ಗೊಂದಲಕ್ಕೆ ಬಿದ್ದದ್ದು ಪಕ್ಕದ ಮನೆಯ ಹೂವಿನತ್ತೆಯ ಮುಂದೆ.

ಹೂವಿನತ್ತೆ ಊರಿಗೆಲ್ಲ ಮಾಲೆ ಕಟ್ಟಿಕೊಡುತ್ತಿದ್ದಳು. ಅವಳ ಗಂಡ ಹರಪನಹಳ್ಳಿಗೆ ಹೋಗಿ ಬರುತ್ತೇನೆಂದು ಬಸ್ಸು ಹತ್ತಿದವನು ತಿರುಗಿ ಬಂದಿರಲಿಲ್ಲ. ಕೊಟ್ಟೂರಿನಲ್ಲಿ ಕಂಡೆವು ಎಂದವರಿದ್ದರು, ಸತ್ತೇ ಹೋಗಿರಬೇಕು ಎಂದವರೂ ಇದ್ದರು... ಹೀಗೆ ವರ್ಷಗಳು ಕಳೆದವು. ನಮ್ಮ ಕಡೆ ತೀರಿಹೋದವರ ಪಟಕ್ಕೆ ನಾಲ್ಕೂ ಅಂಚು ಸುತ್ತಿ ಬರುವಂತೆ ಹಾರ ಹಾಕುತ್ತಾರೆ. ಅವನ ಪಟಕ್ಕೆ ಹಾಕಿದರೆ ಅವನಿಲ್ಲವೆಂದು ಒಪ್ಪಿದಂತೆ, ಅವಳು ತಲೆಯ ಹೂವು ತೆಗೆಯಬೇಕು. ಮೈದುನ ಬಿಡಲೊಲ್ಲ. "ಇನ್ನಾ ಎಷ್ಟು ವರ್ಸ ಕಾಯ್ತೀರಿ ಅತ್ತಿಗಿ, ಹಾರ ಹಾಕಿಬಿಡ್ರಿ" ಎಂದು ಬಂದಾಗಲೆಲ್ಲ ಅದೇ ರಾಗ.

ಒಂದು ದಿನ ಅತ್ತೆ ನನ್ನನ್ನು ಕರೆದಳು. "ಸಾಲ್ಯಾಗ ಸುತ್ತಳತಿ ಕಲ್ತೀಯಂತಲ್ಲ, ಈ ಪಟಕ್ಕ ಎಷ್ಟು ಹೂ ಬೇಕು ಹೇಳವ್ವ."

ಅವಳ ಕೈಯಿಂದಲೇ ಅಳೆಸಿದೆ. ಉದ್ದ ಒಂದು ಮೊಳ, ಅಗಲ ಮುಕ್ಕಾಲು ಮೊಳ. ಎರಡನ್ನೂ ಕೂಡಿಸಿ, ಎರಡರಿಂದ ಗುಣಿಸಿ, ಮೂರೂವರೆ ಮೊಳ ಎಂದು ಜಂಬದಿಂದ ಹೇಳಿದೆ. ಅಷ್ಟೂ ಕಟ್ಟಿದಳು. ಎಡಪಕ್ಕ, ಮೇಲಂಚು, ಬಲಪಕ್ಕ ಮುಗಿಸಿ ಕೆಳಗಿನ ಅಂಚಿಗೆ ಬಂದಾಗ ಅವಳ ಕೈ ನಿಂತಿತು. ಉಳಿದ ತುಂಡನ್ನು ಕಿತ್ತು ತನ್ನ ತುರುಬಿಗೆ ಮುಡಿದುಕೊಂಡಳು.

"ನನ್ನ ಲೆಕ್ಕ ತಪ್ಪೇನತ್ತಿ?"

"ಲೆಕ್ಕ ಸರಿ ಐತಿ. ಸುದ್ದಿ ಬಂದಿಲ್ಲ ನೋಡು. ಅದೊಂದು ಕಡಿ ಹಂಗ ಇರ್ಲಿ."

ನನಗೆ ತಲೆಬುಡ ತಿಳಿಯಲಿಲ್ಲ. ಹಾರ ಹಾಕಿದ ಹಾಗೋ, ಹಾಕದ ಹಾಗೋ? ಮಾವ ಇದ್ದಾನೋ, ಇಲ್ಲವೋ? ಮೈದುನನೂ ಬಂದು ಪಟ ನೋಡಿದ, ಅವಳ ತುರುಬು ನೋಡಿದ, ಬೈಯಲೂ ಆಗದೆ ಒಪ್ಪಲೂ ಆಗದೆ ಚಪ್ಪಲಿ ಮೆಟ್ಟಿಕೊಂಡು ಹೋದ. ಅಲ್ಲಿಂದ ಪ್ರತಿ ಅಮಾವಾಸ್ಯೆಗೂ ಅದೇ ಪದ್ಧತಿ ನಡೆಯಿತು. ಮೂರು ಅಂಚು ಪಟಕ್ಕೆ, ಒಂದು ಅಂಚು ಅವಳ ತುರುಬಿಗೆ...

ಮೊನ್ನೆ ಅತ್ತೆ ತೀರಿಕೊಂಡಳು. ತುರುಬಿಗೆ ಹೂವು ಮುಡಿಸಬೇಕೋ ಬೇಡವೋ ಎಂದು ನೆರೆದ ಹೆಂಗಸರು ಮುಖ ಮುಖ ನೋಡಿಕೊಂಡರು. ನಾನೇ ಮುಡಿಸಿದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಈಗಲೂ ಗೊತ್ತಿಲ್ಲ.

ಇವತ್ತು ಅವಳ ಪಟವನ್ನು ಅವನ ಪಟದ ಪಕ್ಕದಲ್ಲಿ ತೂಗುಹಾಕಿದರು. ಅವಳದಕ್ಕೆ ನಾಲ್ಕೂ ಅಂಚು ಹಾರ ಹಾಕಿದೆ. ಅವನದಕ್ಕೆ ಮೂರು ಅಂಚು ಹಾಕಿ, ಉಳಿದ ತುಂಡು ಹಿಡಿದು ನಿಂತುಬಿಟ್ಟೆ. ಸುದ್ದಿ ಇನ್ನೂ ಬಂದಿಲ್ಲ. ಮುಡಿಯುವವಳೂ ಇಲ್ಲ. ಅತ್ತೆ ಹೋದಳು ಎಂಬುದು ನನಗೆ ನಿಜವಾಗಿ ನಾಟಿದ್ದು ಆಗಲೇ, ಅಳು ತಡೆಯಲಾಗಲಿಲ್ಲ. ಹೂವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

"ಅಮ್ಮ, ನಾಲ್ಕೂ ಕಡಿ ಕೂಡಿಸ್ಬೇಕಾ?" ಮಗಳು ಕೇಳಿದಳು.

"ಹೂಂ, ಕೂಡಿಸವ್ವ" ಎಂದೆ. ಮುಕ್ಕಾಲು ಮೊಳ ಹೂವು ಇನ್ನೂ ನನ್ನ ಕೈಯಲ್ಲೇ ಇತ್ತು.