ಮೊಳೆ ಹೊಡೆಯದ ಗೋಡೆ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಉಪದೇಶ ಮಾಡುವವರೆಲ್ಲ ಸ್ವಂತ ಮನೆಯವರು. ಅವರ ಗೋಡೆ ಅವರದು, ಬೇಕೆಂದ ಕಡೆ ಮೊಳೆ ಹೊಡೆದು, ಮೊಮ್ಮಕ್ಕಳ ಫೋಟೋ ತೂಗುಹಾಕಿ, ಅದರ ಕೆಳಗೆ ಕುಳಿತು ಸಮಾಧಾನದ ಮಾತಾಡುತ್ತಾರೆ. ಪರದೆಯಕ್ಕನ ಹೊಟ್ಟೆಯಲ್ಲಿ ಬಿದ್ದ ಕಿಚ್ಚಿನ ಬಗ್ಗೆ ಬರೆಯುವಾಗ ಈ ಮಾತು ಮೊದಲೇ ಹೇಳಿಬಿಡಬೇಕು. ಅವಳು ಬಾಡಿಗೆ ಮನೆಯವಳು.

ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಊರವರ ಕಿಟಕಿಗಳಿಗೆ ಪರದೆ ಹೊಲಿಯುವುದು ಅವಳ ಕೆಲಸ. ಒಳಗೆ ಯಾರೂ ಕರೆಯದ ಮನೆಗಳ ಕಿಟಕಿಯ ಅಗಲವೂ ಅವಳಿಗೆ ಬಾಯಿಪಾಠ. ಅವಳಿರುವುದು ಒಂದು ಮಹಡಿ ಮನೆಯಲ್ಲಿ. ಮನೆಯ ಯಜಮಾನ ಕೆಳಗಡೆ ಇದ್ದಾನೆ. ಆಗಾಗ ಮೇಲೆ ಬರುತ್ತಾನೆ, ಹೇಗಿದ್ದೀರಿ ಎಂದು ಕೇಳುವುದಿಲ್ಲ, ಅಂಗೈ ಚಾಚಿ ಗೋಡೆಯನ್ನು ಉದ್ದಕ್ಕೂ ಸವರಿಕೊಂಡು ಹೋಗುತ್ತಾನೆ. ಬಾಡಿಗೆಯವರು ಅವನಿಗಿಟ್ಟ ಹೆಸರು ಸವರಪ್ಪ. ಅವನದು ಒಂದೇ ಕಟ್ಟಳೆ: ಗೋಡೆಗೆ ಮೊಳೆ ಬೀಳಬಾರದು. ಹಾಗಾಗಿ ಪರದೆಯಕ್ಕನ ಮನೆಯಲ್ಲಿ ಗಡಿಯಾರ ಫ್ರಿಜ್ಜಿನ ಮೇಲೆ ಮಲಗಿದೆ, ಕ್ಯಾಲೆಂಡರ್ ಕುರ್ಚಿಯ ಬೆನ್ನಿಗೆ ನೇತುಬಿದ್ದಿದೆ, ಮದುವೆಯ ಫೋಟೋ ಮಾತ್ರ ತರಗತಿಯಿಂದ ಹೊರಗೆ ಹಾಕಿದ ಮಕ್ಕಳ ಹಾಗೆ ಮೂಲೆಯಲ್ಲಿ ನಿಂತಿದೆ. ಇಷ್ಟು ವರ್ಷ ಒಂದು ಗೋಡೆಯ ಪಕ್ಕ ಬಾಳಿ, ಅದಕ್ಕೆ ಒಂದು ಮೊಳೆ ಹೊಡೆಯುವ ಹಕ್ಕು ಸಂಪಾದಿಸದವರು ಎಷ್ಟು ಜನ ಇದ್ದಾರೋ, ಲೆಕ್ಕ ಇಟ್ಟವರಿಲ್ಲ.

ಇವೆಲ್ಲ ಅವಳಿಗೆ ಅಭ್ಯಾಸವಾಗಿದ್ದವು. ಅಭ್ಯಾಸವಾಗದೆ ಹೋದದ್ದು ಅತ್ತೆ ಈ ಮನೆ ಬಿಟ್ಟು ಹೋದದ್ದು.

ಅತ್ತೆಯನ್ನು ಹೇಗೆ ಸಾಗಹಾಕುವುದು ಎಂದು ಸೊಸೆಯರು ಜಗಳವಾಡುವುದು ಲೋಕದ ರೂಢಿ. ಈ ಮನೆಯಲ್ಲಿ ಎಲ್ಲ ಉಲ್ಟಾ. ಪರದೆಯಕ್ಕನಿಗೆ ಹೆತ್ತ ತಾಯಿಯ ಮುಖ ನೆನಪಿಲ್ಲ. ಮದುವೆಯಾದ ಮೇಲೆ ಗಂಡನಿಗಿಂತ ಮೊದಲು ಅವಳಿಗೆ ಸಿಕ್ಕಿದವರು ಅತ್ತೆ. ಅವರ ಬಾಯಿ ಜೋರು, ಕಾಲು ನೋವು, ಉಸಿರು ಸ್ವಲ್ಪ ಗಿಡ್ಡ. ಅಂಥವರನ್ನು ಇವಳು ಅಂಗೈಯಲ್ಲಿಟ್ಟು ಸಾಕಿದಳು. ಅವರು ಲೋಟ ಎತ್ತಲು ಎದ್ದರೂ, "ಕೂತ್ಕೊಳಿ ಅತ್ತೆ, ನಾನಿಲ್ವಾ?" ಎಂದು ಓಡಿಬರುವಳು.

ಹೀಗಿರುವಾಗ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಎರಡು ಬೀದಿ ಆಚೆ ಸ್ವಂತ ಮನೆ ಮಾಡಿದಳು. ಅವಳು ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವವಳು, ರೋಗಿಗಳನ್ನು ಗದರಿಸಿ ಗದರಿಸಿ ದನಿಯಲ್ಲೊಂದು ಠೀವಿ ಬಂದಿತ್ತು. ಹೊಸ ಮನೆ ನೋಡಿ ಬರುತ್ತೇನೆಂದು ಹೋದ ಅತ್ತೆ ಅಲ್ಲೇ ಉಳಿದರು. ನಾಳೆ ಬರುತ್ತೇನೆ, ನಾಡಿದ್ದು ಬರುತ್ತೇನೆ. ಒಂದು ದಿನ ತಡೆಯಲಾರದೆ ಪರದೆಯಕ್ಕನೇ ಹೋದಳು.

ಬಾಗಿಲು ದಾಟುತ್ತಲೇ ಎದುರಿನ ಗೋಡೆ ಅವಳ ಕಣ್ಣು ಕುಕ್ಕಿತು. ಅದು ಗೋಡೆಯೋ, ತೋಟವನ್ನು ಎತ್ತಿ ನಿಲ್ಲಿಸಿದ್ದೋ. ಮೇಲಿನಿಂದ ಕೆಳಗಿನವರೆಗೆ ಕುಂಡಗಳು ತೂಗುತ್ತಿದ್ದವು. ಮನಿಪ್ಲಾಂಟು ಬಳ್ಳಿ ನೆಲ ಮುಟ್ಟುತ್ತಿತ್ತು, ಜರಿಗಿಡ ತಲೆ ಕೆದರಿಕೊಂಡಿತ್ತು, ಬಿಳಿ ಗೆರೆಯ ಎಲೆಯ ಗಿಡವೊಂದು ತನ್ನ ಮರಿಗಳನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟಂತಿತ್ತು. ಅದರ ಎದುರಿಗೆ ಅತ್ತೆ, ಕೈಯಲ್ಲೊಂದು ಚೊಂಬು ಹಿಡಿದು ಕೂತಿದ್ದರು.

"ಬನ್ನಿ ಅಕ್ಕ, ಈಗ ದಾರಿ ಗೊತ್ತಾಯ್ತಾ?" ಎಂದಳು ಓರಗಿತ್ತಿ. "ನಿಮ್ಮ ಮೈದುನಂಗೆ ಡ್ರಿಲ್ ಕೈಗೆ ಸಿಕ್ಕಿದ್ದೇ ತಡ, ಗೋಡೆ ಜರಡಿ ಮಾಡಿಟ್ರು ನೋಡಿ. ನಾನೇ ಸಾಕು ಅಂದೆ."

"ಚೆನ್ನಾಗಿದೆ," ಎಂದಳು ಪರದೆಯಕ್ಕ. ಆ ಒಂದು ಮಾತು ಗಂಟಲಿನಿಂದ ಹೊರಡಲು ಹೆರಿಗೆಯಷ್ಟು ಕಷ್ಟಪಟ್ಟಿತು.

"ನೀವೂ ಮಾಡಬಹುದಿತ್ತು. ಆದ್ರೆ ನಿಮ್ಮಲ್ಲಿ ಮೊಳೆ ಹೊಡೆಯೋಕೇ ಬಿಡಲ್ವಲ್ಲ, ಪಾಪ."

ಈ 'ಪಾಪ' ಇದೆಯಲ್ಲ, ಬೈಗುಳವನ್ನು ಸಹಿಸಬಹುದು, ಇದನ್ನಲ್ಲ. ಪರದೆಯಕ್ಕ ಅತ್ತೆಯ ಪಕ್ಕ ಕೂತು ಮೆಲ್ಲಗೆ ಕೇಳಿದಳು, "ಮನೆಗೆ ಯಾವಾಗ ಬರ್ತೀರಿ?"

"ಬರ್ತೀನಿ ಕಣೇ. ಇಲ್ಲಿ ಹಸಿರು ನೋಡ್ತಾ ಹೊತ್ತು ಹೋಗೋದೇ ಗೊತ್ತಾಗಲ್ಲ," ಎಂದು ಅತ್ತೆ ಎದ್ದು, ಕಾಲೆಳೆಯುತ್ತ ಹೋಗಿ ಒಂದು ಕುಂಡಕ್ಕೆ ನೀರು ಹನಿಸಿದರು.

ಕಾಲುನೋವಿನ ಮುದುಕಿಯ ಕೈಲಿ ನೀರು ಹೊರಿಸುತ್ತಾಳೆ, ಇವಳೂ ಒಬ್ಬ ಸೊಸೆ! ಹೀಗೆಂದುಕೊಂಡು ಪರದೆಯಕ್ಕ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಮನೆಗೆ ಬಂದಳು. ಅತ್ತೆಯನ್ನು ಕಿತ್ತುಕೊಂಡದ್ದು ಆ ಗಿಡಗಳೇ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತು.

ಅವಳ ಗಂಡನಿಗೆ ಬಸ್ ಡಿಪೋದಲ್ಲಿ ಚಕ್ರ ಬಿಚ್ಚಿ ಹಾಕುವ ಕೆಲಸ. "ಗಿಡ ತಾನೇ? ಕಿಟಕೀಲಿಡು," ಎಂದ.

"ಕಿಟಕೀಲಿಟ್ರೆ ಬೀದಿಯವರು ನೋಡ್ತಾರೆ. ಅತ್ತೆ ನೋಡ್ಬೇಕು."

"ಹಾಗಾದ್ರೆ ನನ್ನ ತಲೆ ಮೇಲಿಟ್ಕೋತೀನಿ. ಹೇಗೂ ಅಲ್ಲೇನೂ ಬೆಳೀತಿಲ್ಲ."

ಅವಳು ನಗಲಿಲ್ಲ. ಮೊದಲು ಅಂಟಿಸುವ ಕೊಕ್ಕೆ ತಂದಳು. ಗೋಡೆಗೆ ನೋವೇ ಆಗುವುದಿಲ್ಲ ಎಂದು ಅದರ ಮೇಲೆ ಅಚ್ಚು ಹಾಕಿದ್ದರು. ಒಂದು ಸಣ್ಣ ಕುಂಡ ತೂಗುಹಾಕಿದಳು. ಬೆಳಗಾಗುವುದರೊಳಗೆ ಕುಂಡ ನೆಲದ ಮೇಲಿತ್ತು, ಕೊಕ್ಕೆಗೆ ಅಂಗೈಯಗಲದ ಬಣ್ಣ ಅಂಟಿಕೊಂಡಿತ್ತು. ಸವರಪ್ಪನ ಕೈಗೆ ಸಿಗದಂತೆ ಆ ಜಾಗಕ್ಕೆ ಟೂತ್‌ಪೇಸ್ಟು ಮೆತ್ತಿ, ಬಟ್ಟೆಯಲ್ಲಿ ನಯಮಾಡಿ, ಅದರ ಮುಂದೆ ಕುರ್ಚಿ ಎಳೆದಳು.

ಆಮೇಲೆ ಅವಳಿಗೆ ತನ್ನ ಕಸುಬು ನೆನಪಾಯಿತು. ಪರದೆಯನ್ನು ಗಿರಾಕಿಗಳಿಗೆ ತೂಗುಹಾಕಿ ತೋರಿಸಲು ಅಂಗಡಿಯಲ್ಲಿ ಒತ್ತುಕಂಬಗಳಿರುತ್ತವೆ. ನೆಲಕ್ಕೂ ತಾರಸಿಗೂ ನಡುವೆ ನಿಲ್ಲಿಸಿ ಬುಡದ ತಿರುಪು ತಿರುಗಿಸಿದರೆ ಕಂಬ ಉದ್ದವಾಗಿ ಬಿಗಿಯುತ್ತದೆ, ಗೋಡೆಯನ್ನು ಮುಟ್ಟುವುದೇ ಇಲ್ಲ. ಗೋದಾಮಿನಲ್ಲಿ ಬಿದ್ದಿದ್ದ ಹಳೆಯ ಜೋಡಿಯೊಂದನ್ನು ಅಂಗಡಿಯವನು, "ತಗೊಂಡ್ಹೋಗಮ್ಮ, ಜಾಗ ಖಾಲಿಯಾಗ್ಲಿ," ಎಂದು ಕೊಟ್ಟ. ಅವಳು ಕಂಬದ ಎರಡೂ ತುದಿಗೆ ಕಂಬಳಿ ತುಂಡು ಮಡಿಸಿ ಕಟ್ಟಿದಳು. ಅಡ್ಡಕ್ಕೆ ಪರದೆಯ ಸರಳುಗಳನ್ನು ಕೂರಿಸಿದಳು. ದಪ್ಪ ಪಟ್ಟಿಯನ್ನು ಜೋಡುಹೊಲಿಗೆ ಹಾಕಿ ಕುಂಡಗಳಿಗೆ ತೊಟ್ಟಿಲು ಹೊಲಿದಳು, ಭಾರದ ಕುಂಡ ಕಂಬದ ಹತ್ತಿರ, ಹಗುರದ್ದು ನಡುವೆ. ಗಂಡ ಅಡ್ಡಸರಳಿಗೆ ಜೋತುಬಿದ್ದು ಪರೀಕ್ಷೆ ಮಾಡಿದ. ಅಲ್ಲಾಡಲಿಲ್ಲ.

"ಬಸ್ಸು ನಿಲ್ಲಿಸಬಹುದು ಕಣೇ ಇದರ ಮೇಲೆ," ಎಂದ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲ. ನೀರು ಹನಿದು ಗೋಡೆಗೆ ಕಲೆಯಾದರೆ? ಪರದೆ ಹೊಲಿಯುವವಳಿಗೆ ಏನು ಹೊಳೆಯುತ್ತದೆ? ಪರದೆಯೇ. ಬೆಳಕು ನುಸುಳದಂತೆ ಹೋಟೆಲು ಕೋಣೆಗಳಿಗೆ ಹಾಕುವ, ಹಿಂಬದಿಗೆ ರಬ್ಬರು ಲೇಪದ ದಪ್ಪ ಬಟ್ಟೆಯ ತುಂಡುಗಳನ್ನು ಸೇರಿಸಿ, ಗೋಡೆಯಷ್ಟೇ ಅಗಲದ ಪರದೆ ಹೊಲಿದು, ಗಾಳಿಗೆ ಅಲುಗದ ಹಾಗೆ ಅಂಚಿಗೆ ಸರಪಳಿ ಸೇರಿಸಿ, ಮೇಲಿನ ಸರಳಿನಿಂದ ಗಿಡಗಳ ಹಿಂದೆ ಗೋಡೆಗೆ ಆತು ನಿಲ್ಲುವಂತೆ ಇಳಿಬಿಟ್ಟಳು. ಗೋಡೆ ಒಂದು ಹನಿಗೂ ಕಾಣದಂತೆ ಮುಚ್ಚಿಹೋಯಿತು.

ಅತ್ತೆ ಬಂದರು. ಬಾಗಿಲಲ್ಲೇ ನಿಂತು, "ಅಯ್ಯೋ ನಿನ್ನ!" ಎಂದರು. ಅದು ಅವರ ಬಾಯಲ್ಲಿ ಬರುವ ಅತಿ ದೊಡ್ಡ ಹೊಗಳಿಕೆ. ರಾತ್ರಿಗೆ ಇಲ್ಲೇ ಉಳಿದರು, ಮಾರನೆಯ ದಿನವೂ ಉಳಿದರು. ಅವರ ಚೀಲ ಹಿಂತಿರುಗಿ ಬಂತು. ಅದರ ಹಿಂದೆಯೇ ಓರಗಿತ್ತಿಯೂ ಬಂದು ಗೋಡೆಯನ್ನು ನೋಡಿದಳು. ಮುಖ ಹುಳಿ ಕಚ್ಚಿದಂತಾಯಿತು.

"ಕಂಬ ಬೀಳಲ್ವಾ ಅಕ್ಕ?"

"ಬೀಳಲ್ಲ. ಮೊಳೆಗಿಂತ ಗಟ್ಟಿ."

"ಹಿಂದೆ ಪರದೆ ಯಾಕೆ? ಗೋಡೆಗೆ ನಾಚಿಕೆನಾ?"

"ನಮ್ಮನೇಲಿ ಗೋಡೆಗೂ ಸೀರೆ ಉಡಿಸ್ತೀವಿ. ನಿಮ್ಮಲ್ಲಿ ಹಾಗಿಲ್ಲ ಅನ್ಸುತ್ತೆ, ಪಾಪ."

ಆ ರಾತ್ರಿ ಪರದೆಯಕ್ಕ ನಿದ್ದೆಯಲ್ಲೂ ನಕ್ಕಳಂತೆ. ಗಂಡನ ಸಾಕ್ಷಿ ಇದೆ.

ಅತ್ತೆಯನ್ನು ಗಿಡಗಳ ಎದುರಿಗೆ ಕೂರಿಸಿ, ಕಾಲಡಿಗೆ ದಿಂಬು ಕೊಟ್ಟು, ಪಕ್ಕದಲ್ಲಿ ನೀರಿಟ್ಟು, ಅವಳು ಕೆಲಸಕ್ಕೆ ಹೋಗುತ್ತಿದ್ದಳು. ಅತ್ತೆ ಗಿಡಕ್ಕೆ ನೀರು ಹಾಕಲು ಎದ್ದರೆ ತಡೆಯುವಳು. "ಬೇಡ ಅತ್ತೆ, ನೀವು ಹಾಕಿದ್ರೆ ಚೆಲ್ಲುತ್ತೆ. ಆರಾಮಾಗಿ ನೋಡ್ತಾ ಕೂತ್ಕೊಳಿ." ಅತ್ತೆ ನೋಡುತ್ತ ಕೂರುವರು. ಗಿಡ ನೋಡುವುದಕ್ಕೂ ಒಂದು ಮಿತಿಯಿದೆ. ಎಲೆ ಬೆಳೆಯುವುದನ್ನು ಕಾಯುವವರಿಗೆ ಹೊತ್ತು ಹೋಗುವುದಿಲ್ಲ.

ಕೆಲವು ವಾರ ಕಳೆದವು. ಅತ್ತೆಗೆ ಕೆಮ್ಮು ಹತ್ತಿತು.

"ಏನೋ ಮುಗ್ಗಲು ವಾಸನೆ ಕಣೇ," ಎಂದರು.

"ಮಣ್ಣಿನ ವಾಸನೆ ಅತ್ತೆ. ಗಿಡ ಅಂದ್ಮೇಲೆ ಮಣ್ಣಿರಲ್ವಾ?"

"ಅಲ್ಲೂ ಮಣ್ಣಿತ್ತು. ಈ ವಾಸನೆ ಇರಲಿಲ್ಲ. ಕೆಮ್ಮೂ ಇರಲಿಲ್ಲ."

ಅಲ್ಲೂ! ಆ ಮಾತಿಗೆ ಪರದೆಯಕ್ಕನ ಮೈಯೆಲ್ಲ ಉರಿಯಿತು. ಅತ್ತೆ ಹೇಳಿದ್ದು ಅಪ್ಪಟ ಸತ್ಯ, ರೋಗದ ಮೂಲವನ್ನೇ ಬೆರಳಿಟ್ಟು ತೋರಿಸಿದ್ದರು. ಆದರೆ ಹೊಟ್ಟೆಕಿಚ್ಚಿನ ಕಿವಿ ಬೇರೆ. ಅದಕ್ಕೆ ಕೇಳಿಸಿದ್ದು, ಅವಳ ಮನೆ ಒಳ್ಳೇದು, ನಿನ್ನ ಮನೆ ಕೆಟ್ಟದ್ದು ಎಂದು.

"ಹೀಗೆ ಹೇಳೂಂತ ಅವಳು ಹೇಳಿಕೊಟ್ಟಿದ್ದಾ?"

"ಕೆಮ್ಮೋದನ್ನೂ ಹೇಳಿಕೊಡ್ತಾರೇನೇ?"

"ನಿಮಗೆ ಅಲ್ಲಿಗೆ ಹೋಗೋ ಆಸೆ. ಅದಕ್ಕೊಂದು ನೆಪ."

ಅತ್ತೆಯ ಕೆಮ್ಮು ನಿಲ್ಲಲಿಲ್ಲ. ಅವಳು ಶುಂಠಿ ಕಷಾಯ ಕಾಯಿಸಿ ಕೊಟ್ಟಳು, ಬಿಸಿನೀರಿನ ಹಬೆ ಹಿಡಿಸಿದಳು, ಎದೆಗೆ ಮುಲಾಮು ತಿಕ್ಕಿದಳು. ಗಂಡ ಒಮ್ಮೆ, "ಆ ಪರದೆ ತೆಗೆದು ನೋಡು," ಎಂದಿದ್ದಕ್ಕೆ, "ನೀವೂ ಅವಳ ಕಡೆನೇ," ಎಂದು ಬಾಯಿ ಮುಚ್ಚಿಸಿದಳು. ಪರದೆ ಸರಿಸಿದರೆ ಓರಗಿತ್ತಿ ಗೆದ್ದಂತೆ ಎಂದು ಅವಳ ಲೆಕ್ಕ.

ಕೊನೆಗೆ ಪರದೆ ಸರಿಸಿದವನು ಸವರಪ್ಪ. ಕೆಳಗಿನ ಅವನ ಕೋಣೆಯ ಮೂಲೆಯಲ್ಲಿ ತೇವ ಕಂಡಿತಂತೆ. ಮೇಲೆ ಬಂದವನು ಅಂಗೈ ಚಾಚಿದ, ಸವರಲು ಗೋಡೆ ಸಿಗಲಿಲ್ಲ. ಸರಪಳಿ ಹಾಕಿದ ಅಂಚನ್ನು ಹಿಡಿದು ಎತ್ತಿದ.

ಹಿಂದಿದ್ದದ್ದು ಗೋಡೆಯಲ್ಲ, ಒಲೆಯಿಂದ ಇಳಿಸಿದ ಬಾಣಲೆಯ ತಳ. ಕಂಬದಿಂದ ಕಂಬದವರೆಗೆ ಕಪ್ಪು ಬೂಷ್ಟು. ಬಣ್ಣ ಗುಳ್ಳೆಯೆದ್ದು ಹಪ್ಪಳದ ಹಾಗೆ ಬಿರಿದಿತ್ತು. ಗಿಡಗಳ ಉಸಿರು, ಕುಂಡಗಳ ತೇವ, ಎಲ್ಲವನ್ನೂ ರಬ್ಬರು ಬಟ್ಟೆ ಹಿಡಿದಿಟ್ಟು ಗೋಡೆಗೆ ಕುಡಿಸಿತ್ತು. ಬೆಳಕನ್ನು ತಡೆಯುವುದರಲ್ಲಿ ಪಳಗಿದ ಕೈ, ಗಾಳಿಯನ್ನೂ ತಡೆದಿತ್ತು. ಗೋಡೆಗೆ ಒಂದು ಗೀರೂ ಬೀಳದಂತೆ ಕಾಪಾಡಲು ಹೊರಟವಳು ಇಡೀ ಗೋಡೆಯನ್ನು ಕೊಳೆಸಿಟ್ಟಿದ್ದಳು.

"ನನ್ನ ಗೋಡೆ!" ಎಂದು ಸವರಪ್ಪ ಎದೆ ಹಿಡಿದುಕೊಂಡ. ಎತ್ತಿದ ಬಟ್ಟೆಯಿಂದ ಉದುರಿದ ಧೂಳಿಗೆ ಅತ್ತೆ ಕುರ್ಚಿಯಲ್ಲಿ ಮುದುಡಿ ಮುದುಡಿ ಕೆಮ್ಮುತ್ತಿದ್ದರು, ಕಣ್ಣಲ್ಲಿ ನೀರು ಬಂದಿತ್ತು. ಅವನು ಅತ್ತ ತಿರುಗಿಯೂ ನೋಡಲಿಲ್ಲ. "ಇದು ಮೊದಲಿನ ಹಾಗೆ ಆಗ್ಬೇಕು. ಇಲ್ಲಾಂದ್ರೆ ಬೀಗದ ಕೈ ಕೊಟ್ಟು ಹೊರಡಿ." ಅವನಿಗೆ ಕಂಡದ್ದು ಗೋಡೆಯ ಶ್ವಾಸಕೋಶ ಮಾತ್ರ. ಮೊಳೆಗೆ ಕಟ್ಟಳೆ ಮಾಡುವ ಜನ, ಆ ಗೋಡೆಗಳ ನಡುವೆ ಉಸಿರಾಡುವವರಿಗೆ ಒಂದು ಕಟ್ಟಳೆ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಆದರೆ ಅವನನ್ನು ಬೈದು ಪರದೆಯಕ್ಕನನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಮುದುಕಿ ಕೆಮ್ಮುತ್ತಿದ್ದಾಗ ಅವಳೂ ನೋಡುತ್ತಿದ್ದದ್ದು ಗೋಡೆಯನ್ನೇ, ಎರಡು ಬೀದಿ ಆಚೆಯದನ್ನು.

ಸವರಪ್ಪ ಇಳಿದುಹೋದ ಮೇಲೆ ಅವಳು ಕಿಟಕಿಗಳನ್ನೆಲ್ಲ ತೆರೆದು, ಅತ್ತೆಯ ಬೆನ್ನು ನೀವುತ್ತ ಕೂತಳು. "ತಪ್ಪು ಮಾಡ್ಬಿಟ್ಟೆ ಅತ್ತೆ. ಗಿಡ ಇದ್ರೆ ನೀವಿರ್ತೀರಿ ಅಂದ್ಕೊಂಡೆ."

ಅತ್ತೆ ಉಸಿರು ಹಿಡಿದು ಹಿಡಿದು ಹೇಳಿದರು. "ನಾನೇನು ಕುರಿನಾ, ಸೊಪ್ಪು ತೋರಿಸಿದ ಕಡೆ ಹೋಗೋಕೆ?"

"ಮತ್ತೆ ಅಲ್ಲಿ ಯಾಕೆ ಉಳಿದ್ರಿ?"

"ಅವಳಿಗೆ ಗಿಡಕ್ಕೆ ನೀರು ಹಾಕೋಕೆ ಪುರುಸೊತ್ತಿಲ್ಲ. ಚೊಂಬು ನನ್ನ ಕೈಗಿಟ್ಟು, ಅತ್ತೆ ಇದು ನಿಮ್ಮದು, ಒಣಗಿಸಿದ್ರೆ ನೋಡಿ ಅಂದ್ಲು. ಗದರಿಸ್ತಾಳೆ ಕಣೇ, ಡಾಕ್ಟರ ಹತ್ರ ಬರೋ ರೋಗೀನ ಗದರಿಸೋ ಹಾಗೆ. ಆದ್ರೆ ಬೆಳಿಗ್ಗೆ ಎದ್ದೇಳೋಕೆ ಒಂದು ಕೆಲಸ ಇತ್ತು. ನೀನು ನನ್ನನ್ನ ಕೂರಿಸ್ತೀಯ. ಕೂತು ಕೂತು ನಾನೂ ನಿನ್ನ ಮದುವೆ ಫೋಟೋ ಥರ ಆಗಿಬಿಟ್ಟಿದೀನಿ."

ಪರದೆಯಕ್ಕನಿಗೆ ಇದು ಬೂಷ್ಟಿಗಿಂತ ಹೆಚ್ಚು ನೋವು ಮಾಡಿತು. ಓರಗಿತ್ತಿ ಅತ್ತೆಯನ್ನು ಗೆದ್ದದ್ದು ಸೋಮಾರಿತನದಿಂದಲೇ! ಇವಳ ಇಷ್ಟು ವರ್ಷದ ಸೇವೆ ಅವಳ ಒಂದು ಚೊಂಬಿಗೆ ಸಮವಾಗಲಿಲ್ಲವೇ? ಅನ್ಯಾಯ ಎಂದು ಕೂಗಬೇಕೆನಿಸಿತು. ಯಾರ ಮೇಲೆ ಕೂಗುವುದು?

ಮರುದಿನ ಅವಳೇ ಅತ್ತೆಯ ಚೀಲ ತುಂಬಿದಳು. ಗೋಡೆ ಕೆರೆದು, ಒಣಗಿಸಿ, ಬಣ್ಣ ಬಳಿಯುವವರೆಗೆ ಆ ಮನೆಯಲ್ಲಿ ಅವರು ಉಸಿರಾಡುವ ಹಾಗಿರಲಿಲ್ಲ. ಕೈ ಹಿಡಿದು ನಡೆಸಿಕೊಂಡು ಹೋದಳು. ಓರಗಿತ್ತಿ ಬಾಗಿಲಲ್ಲೇ ಇದ್ದಳು. "ಗೋಡೆ ಹಾಗಾಯ್ತಂತೆ ಅಕ್ಕ," ಎಂದಳು. ನಾಲಿಗೆಯ ತುದಿಗೆ ಬಂದಿದ್ದ 'ಪಾಪ'ವನ್ನು, ಅತ್ತೆಯ ಮುಖ ನೋಡಿ ನುಂಗಿಕೊಂಡು, ಚೀಲ ಎತ್ತಿಕೊಂಡು ಒಳಗೆ ಹೋದಳು.

ಪರದೆಯಕ್ಕ ಹೊರಡಲಿಲ್ಲ. ಸೆರಗಿನ ತುದಿ ತಿರುಚುತ್ತ ನಿಂತಳು. ಜನ್ಮದಲ್ಲಿ ಆಡದ ಮಾತೊಂದು ಬಾಯಿಗೆ ಬರಬೇಕಿತ್ತು.

"ಅತ್ತೆ, ಪರದೆಗೆ ಕೊಂಡಿ ಪೋಣಿಸೋದು ರಾಶಿ ಬಿದ್ದಿದೆ. ನನಗೊಬ್ಬಳಿಗೆ ಕೈ ಸಾಲ್ತಿಲ್ಲ. ಗೋಡೆ ಒಣಗಿದ ಮೇಲೆ ಬಂದು ಸ್ವಲ್ಪ..."

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಅರ್ಧ ಪೋಣಿಸಿದ ಮೇಲೆ, ಇಲ್ಲಿ ಕೊಡಿ ಅತ್ತೆ ಅಂತ ಕಿತ್ಕೋತೀಯ."

"ಇಲ್ಲ."

"ಸೊಟ್ಟ ಆದ್ರೆ?"

ಸೊಟ್ಟ ಕೊಂಡಿ ಕಂಡರೆ ಪರದೆಯಕ್ಕನಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. "ಸೊಟ್ಟ ಆದ್ರೆ ಬಿಚ್ಚಿ ನೀವೇ ಮತ್ತೆ ಪೋಣಿಸಿ. ಸೊಟ್ಟ ಇದ್ದದ್ದನ್ನ ಚೆನ್ನಾಗಿದೆ ಅಂತ ನಾನೇನು ಹೊಗಳ್ತೀನಾ?"

"ಹಾಗೆ ಬಾ ದಾರಿಗೆ," ಎಂದರು ಅತ್ತೆ. "ಬರ್ತೀನಿ. ಗೋಡೆ ಬೇಗ ಒಣಗಿಸು."

ಒಳಗಿನಿಂದ ಓರಗಿತ್ತಿಯ ದನಿ ಬಂತು, ಅದರಲ್ಲಿ ಎಂದಿನ ಠೀವಿ ಇರಲಿಲ್ಲ. "ಅಕ್ಕಾ, ಹಗಲು ಬೇಕಾದ್ರೆ ಕರ್ಕೊಂಡ್ಹೋಗಿ. ಸಂಜೆ ಮಾತ್ರ ಕಳಿಸಿಬಿಡಿ, ಆಯ್ತಾ? ಗಿಡಗಳು ಅವರನ್ನೇ ಹಚ್ಕೊಂಡಿವೆ."

ಗಿಡಗಳಂತೆ! ಆ ದನಿಯೊಳಗಿನ ಕಿಚ್ಚಿನ ಗುರುತು ಪರದೆಯಕ್ಕನಿಗಿಂತ ಚೆನ್ನಾಗಿ ಯಾರಿಗೆ ಸಿಗಬೇಕು? ಮನೆಯಲ್ಲಿ ಗೋಡೆ ಕೆರೆಯಲು ಗಂಡ ಕಾಯುತ್ತಿದ್ದ. ಅವಳು ಚಪ್ಪಲಿ ಮೆಟ್ಟಿಕೊಂಡು, ಹಿಂತಿರುಗಿ ನೋಡದೆ, "ನೋಡೋಣ," ಎಂದಳು.