ಮೊದಲು ಜಾಗ ಕೇಳು

ಅವರ ತಲೆಯಲ್ಲಿ ಎರಡು ಬೈತಲೆಗಳಿದ್ದವು. ಒಂದು ಎಲ್ಲರಂತೆ ಬಾಚಣಿಗೆಯಿಂದ ತೆಗೆದದ್ದು. ಇನ್ನೊಂದು ಅದಕ್ಕೆ ಅಡ್ಡಲಾಗಿ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಟೆಲಿಫೋನ್ ಬೋರ್ಡಿನ ಮುಂದೆ ಹಾಕಿಕೊಳ್ಳುವ ಹೆಡ್‌ಸೆಟ್ಟಿನ ಉಕ್ಕಿನ ಪಟ್ಟಿ ವರ್ಷಗಟ್ಟಲೆ ಒತ್ತಿ ಮಾಡಿದ್ದು. ಎಣ್ಣೆ ಹಚ್ಚಿ ತಲೆಗೆ ಎರೆದುಕೊಂಡು ಬಂದ ದಿನವೂ ಆ ಗೆರೆ ಹಾಗೇ ಇರುತ್ತಿತ್ತು.

ನಾನು ಗದಗಿನ ಕಡೆಯಿಂದ ಕೆಲಸಕ್ಕೆಂದು ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಯಲಹಂಕದ ಆಚೆಗಿದ್ದ ನಮ್ಮ ಎಕ್ಸ್‌ಚೇಂಜ್ ಎಂದರೆ ಒಂದು ಹೆಂಚಿನ ಮನೆ, ಎರಡು ಬೋರ್ಡು, ನಾಲ್ಕು ಜನ ಹೆಣ್ಣುಮಕ್ಕಳು ಮತ್ತು ಈ ಸೂಪರ್‌ವೈಸರ್ ಮೇಡಂ. ಅಲ್ಲಿಗಿನ್ನೂ ಡಯಲ್ ಬಂದಿರಲಿಲ್ಲ. ಊರಿನವರು ಫೋನಿನ ಹಿಡಿ ತಿರುಗಿಸಿದರೆ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ನಾವು ವೈರು ಚುಚ್ಚಿ, ಯಾರು ಬೇಕೆಂದು ಕೇಳಿ, ಅವರಿಗೆ ಜೋಡಿಸುತ್ತಿದ್ದೆವು. ಬೆಂಕಿ, ಅಪಘಾತ ಎಂದರೆ ಪಟ್ಟಣದ ಕಂಟ್ರೋಲ್ ರೂಮಿಗೆ ಕೊಡಬೇಕು. ಅಂಥ ಕರೆಯನ್ನು ತಡಮಾಡದೆ ಜೋಡಿಸಿ ನಾವು ಲೈನಿನಿಂದ ಹೊರಗೆ ಬಂದುಬಿಡಬೇಕು, ಪರರ ಮಾತು ಕೇಳಿಸಿಕೊಳ್ಳುವುದು ತಪ್ಪು ಎಂದು ನಿಯಮದ ಪುಸ್ತಕದಲ್ಲಿತ್ತು.

ಮೊದಲ ವಾರದಲ್ಲೇ ನನಗೊಂದು ಅಂಥ ಕರೆ ಬಂತು. ಅಲ್ಲಾಳಸಂದ್ರದ ಹತ್ತಿರ ಲಾರಿ ಮಗುಚಿದೆ ಎಂದೇನೋ ಕೂಗುತ್ತಿದ್ದರು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಜೋಡಿಸಿ, ಶಭಾಶ್ ಸಿಗುತ್ತದೆಂದು ಮೇಡಂ ಕಡೆ ತಿರುಗಿದೆ. ಅವರು ಬಂದು ನನ್ನ ಕೈಮೇಲೆ ಒಂದು ಏಟು ಕೊಟ್ಟರು.

"ಯಾವ ಜಾಗ?"

"ಪೂರಾ ಕೇಳಿಲ್ರಿ ಮೇಡಂ. ಕಂಟ್ರೋಲ್ ರೂಮಿನವ್ರು ಕೇಳ್ತಾರಲ್ರಿ."

"ಅವರು ಕೇಳೋವರ್ಗೂ ಆ ಮನುಷ್ಯ ಅಲ್ಲೇ ನಿಂತಿರ್ತಾನೆ ಅಂತ ಯಾರಮ್ಮ ಹೇಳಿದ್ದು ನಿಂಗೆ? ಮೊದಲು ಜಾಗ ಕೇಳು. ಸ್ಲೇಟಲ್ಲಿ ಬರಿ. ಆಮೇಲೆ ಚುಚ್ಚು."

ಅವರು ಹೇಳಿದ್ದರಲ್ಲಿ ಸತ್ಯವಿತ್ತು. ರೈಲು ಬಂತಾ, ಡಾಕ್ಟರು ಊರಲ್ಲಿದ್ದಾರಾ, ಎಲ್ಲಕ್ಕೂ ಜನ ನಮ್ಮನ್ನೇ ಕೇಳುತ್ತಿದ್ದರು, ನಾವೂ ಹೇಳುತ್ತಿದ್ದೆವು. ಹೀಗಾಗಿ ಎಕ್ಸ್‌ಚೇಂಜಿನ ಅಮ್ಮನಿಗೆ "ಬೆಂಕಿ" ಎಂದರೆ ಸಾಕು, ಗಾಡಿ ಹೊರಟಂತೆಯೇ ಎಂದು ಎಷ್ಟೋ ಜನ ನಂಬಿದ್ದರು. ನಮ್ಮ ಹಿಂದೆ ಇನ್ನೊಬ್ಬರಿದ್ದಾರೆ, ಅವರಿಗೂ ಮತ್ತೆ ಹೇಳಬೇಕು ಎಂಬುದು ಅವರಿಗೆ ಹೊಳೆಯುತ್ತಿರಲಿಲ್ಲ. ಒಂದು ಮಾತು ಕೂಗಿ ಫೋನು ಬಿಟ್ಟು ಓಡುತ್ತಿದ್ದರು. ಮೇಡಂ ಮಾತ್ರ ಜಾಗ ಬರೆದುಕೊಂಡು, ಕಂಟ್ರೋಲ್ ರೂಮಿನವನು ಅದನ್ನು ತಿರುಗಿ ಓದಿ ಹೇಳುವ ತನಕ ಲೈನು ಬಿಡುತ್ತಿರಲಿಲ್ಲ. ತಪಾಸಣೆಗೆ ಬಂದ ಸಾಹೇಬರೊಬ್ಬರು, "ಇದು ರೂಲ್ಸಿಗೆ ವಿರುದ್ಧ ಕಣ್ರೀ, ನಾನು ಮೇಲಕ್ಕೆ ಬರೀಬೇಕಾಗತ್ತೆ" ಎಂದು ಗದರಿದಾಗ, ಬಾಯಲ್ಲಿದ್ದ ಲವಂಗವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, "ಬರ್ಕೊಳ್ಳಿ ಸಾರ್, ಬೇಕಾದ್ರೆ ನಾನೇ ಟೈಪ್ ಮಾಡಿಸ್ಕೊಡ್ತೀನಿ" ಅಂದಿದ್ದರು. ಎಂಟೆದೆಯ ಹೆಂಗಸು ಎಂದು ನಾವು ಬೆನ್ನ ಹಿಂದೆ ಕೊಂಡಾಡಿದೆವು. ಆ ಎದೆಯಲ್ಲಿ ಏನಿತ್ತೆಂದು ಆಗ ಗೊತ್ತಿರಲಿಲ್ಲ.

ಒಂದು ನಂಬರನ್ನು ಮಾತ್ರ ಅವರು ನಮಗೆ ಮುಟ್ಟಗೊಡುತ್ತಿರಲಿಲ್ಲ. ಅಮೃತಹಳ್ಳಿ ಕಡೆಯ ದ್ರಾಕ್ಷಿ ತೋಟದ್ದು. ದಿನಾ ಸಂಜೆ ತೋಟದ ಮೇಸ್ತ್ರಿ ಶೆಡ್ಡಿಗೆ ಬೀಗ ಹಾಕುವ ಮೊದಲು ಫೋನು ತಿರುಗಿಸುತ್ತಿದ್ದ.

"ಅಮ್ಮಾ, ಲೈನ್ ಐತಾ?"

"ಐತೆ ಮೇಸ್ತ್ರಿ."

"ಅಂಗಾರೆ ಸರಿ."

ಇಷ್ಟೇ. ಕಾಫಿ ಕುಡಿಯುತ್ತಿದ್ದರೂ ಲೋಟ ಇಟ್ಟು ಬಂದು ಮೇಡಮ್ಮೇ ಎತ್ತುತ್ತಿದ್ದರು. ನನಗೆ ಸುಮ್ಮನಿರಲಾಗದು. "ಯಾರ್ರಿ ಮೇಡಂ ಅಂವಾ, ಅತ್ತೀ ಆರೋಗ್ಯ ವಿಚಾರಿಸಿದಂಗ ದಿನಾ ಲೈನ್ ವಿಚಾರಿಸ್ತಾನ?" ಎಂದು ಒಂದು ದಿನ ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. ಎಲ್ಲರೂ ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು.

ನಾನು ಬರುವುದಕ್ಕೆ ನಾಲ್ಕು ವರ್ಷ ಮೊದಲು, ಒಂದು ಮಧ್ಯಾಹ್ನ ಬೋರ್ಡಿನಲ್ಲಿ ಅವರೊಬ್ಬರೇ ಇದ್ದರು. ಬೇಗ ಜೋಡಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲವಂತೆ. ಆ ತೋಟದ ಮುಚ್ಚಳ ಬಿತ್ತು. "ಬೆಂಕಿ ಅಮ್ಮಾ, ಮಗು ಒಳಗೈತೆ, ಗಾಡಿ ಕಳ್ಸಿ" ಎಂದ ಮೇಸ್ತ್ರಿ. "ಕೊಡ್ತೀನಿ" ಎಂದು ಇವರು ಕಂಟ್ರೋಲ್ ರೂಮಿಗೆ ಜೋಡಿಸಿ, ನಿಯಮದಂತೆ ಲೈನು ಬಿಟ್ಟು ಮುಂದಿನ ಕರೆಗೆ ಹೋದರು. ಅವನು ಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಆಗಲೇ ಓಡಿದ್ದ. ಕಂಟ್ರೋಲ್ ರೂಮಿನವರು ಖಾಲಿ ಮೇಜಿಗೆ ಹಲೋ ಹಲೋ ಎಂದು ಕೂಗಿ, ಕೊನೆಗೆ ಇವರನ್ನೇ ಕೇಳಿದರು. ಇವರ ಬಳಿ ಇದ್ದದ್ದು ಆ ನಂಬರಿನ ವಿಳಾಸ. ಅದನ್ನೇ ಕೊಟ್ಟರು. ಗಾಡಿ ಅಮೃತಹಳ್ಳಿಯ ತೋಟಕ್ಕೆ ಬಂದು ನಿಂತಿತು. ಬೆಂಕಿ ಬಿದ್ದದ್ದು ಜಕ್ಕೂರು ಕೆರೆಯ ಆಚೆ, ಅದೇ ಯಜಮಾನರ ಇನ್ನೊಂದು ತೋಟದಲ್ಲಿದ್ದ ಮೇಸ್ತ್ರಿಯ ಗುಡಿಸಲಿಗೆ. ಅಲ್ಲಿ ಫೋನಿಲ್ಲವೆಂದು ಅವನು ಅಮೃತಹಳ್ಳಿಯ ತೋಟದವರೆಗೆ ಓಡಿಬಂದಿದ್ದ. ಹೊಗೆ ನೋಡಿಕೊಂಡು ಗಾಡಿ ಕೆರೆ ಬಳಸಿ ಹೋಗುವ ಹೊತ್ತಿಗೆ ಅವನ ಮೂರು ವರ್ಷದ ಹೆಣ್ಣುಮಗು ಉಳಿದಿರಲಿಲ್ಲ. ಅಂದಿನಿಂದಲೇ ಅವನು ದಿನಾ ಸಂಜೆ ಲೈನು ವಿಚಾರಿಸುತ್ತಿದ್ದದ್ದು.

"ವಿಚಾರಣೆ ಆಯ್ತು. ಆಪರೇಟರ್ ತ್ವರಿತವಾಗಿ ಜೋಡಿಸಿದ್ದಾರೆ, ಲೋಪ ಇಲ್ಲ ಅಂತ ಬರೆದ್ರು. ಆ ಕಾಗದ ಓದಿದ ದಿನ ಅನ್ನ ಇಳೀಲಿಲ್ಲ ಕಣೇ. ಎಲ್ಲಿ ಅಂತ ಒಂದು ಮಾತು. ಕೇಳಿದ್ರೆ ನನ್ ಗಂಟೇನು ಹೋಗ್ತಿತ್ತು?"

ಅಂದಿನಿಂದ ನನಗೂ ಆ ಮುಚ್ಚಳದ ಸದ್ದು ಬೇರೆಯಾಗಿ ಕೇಳತೊಡಗಿತು. ಅವರ ಮನೆಗೆ ಹೋದಾಗ ನೋಡಿದ್ದೇನೆ, ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಬಿದ್ದರೂ ಅವರು ಬೆಚ್ಚಿ ತಿರುಗುತ್ತಿದ್ದರು. ದಿನಾ ಸಂಜೆ ಆ ಮನುಷ್ಯನಿಗೆ "ಐತೆ" ಎಂದು ಹೇಳಿ ಅವರು ಒಂದೆರಡು ನಿಮಿಷ ಕಣ್ಣು ಮುಚ್ಚಿ ಕೂರುವುದನ್ನು ವರ್ಷಗಟ್ಟಲೆ ನೋಡಿದೆ. ಅಂದು ಲೈನಿನಲ್ಲಿ ಇದ್ದದ್ದು ತಾನೇ, ಜಾಗ ಕೇಳದೆ ಬಿಟ್ಟದ್ದು ತಾನೇ ಎಂದು ಅವನಿಗೆ ಹೇಳಬೇಕೆಂಬ ಆಸೆ. ಹೇಳಲು ಬಾಯಿ ಬರದು.

ಎಂಬತ್ತರ ದಶಕದಲ್ಲಿ ನಮ್ಮಲ್ಲಿಗೂ ಡಯಲ್ ಫೋನು ಬಂತು. ಇನ್ನು ಯಾರ ನಡುವೆಯೂ ನಾವಿಲ್ಲ. ಹಳೆಯ ಬೋರ್ಡಿನ ಕೊನೆಯ ಸಂಜೆ ಮೇಸ್ತ್ರಿ ಎಂದಿನಂತೆ ಕೇಳಿದ. ಮೇಡಂ "ಐತೆ" ಅನ್ನಲಿಲ್ಲ. "ಮೇಸ್ತ್ರಿ, ಆವತ್ತು ನಿಮ್ ಮಗು ಹೋದ ದಿನ, ಈ ಕಡೆ ಇದ್ದಿದ್ದು ನಾನೇ. ಎಲ್ಲಿ ಅಂತ ನಾನು ಕೇಳ್ಬೇಕಿತ್ತು. ಕೇಳ್ಲಿಲ್ಲ. ತಪ್ಪು ನಂದು" ಎಂದರು. ನಾನು ಪಕ್ಕದಲ್ಲೇ ಇದ್ದೆ.  ಆ ಕಡೆ ಅವನು ಫೋನು ಇಟ್ಟ ಸದ್ದಾಯಿತು.

"ಶಾಪ ಹಾಕಿದ್ರೂ ಚೆನ್ನಾಗಿರ್ತಿತ್ತು" ಎಂದರು ಮೇಡಂ.

ಮುಂದಿನ ವರ್ಷ ಅವರು ನಿವೃತ್ತರಾದರು. ನೋಡಲು ಹೋದಾಗಲೆಲ್ಲ ಅದೇ ಮಾತು. "ಮಾಯ್ತಾ ಬಂದಿದ್ದ ಗಾಯಾನ ಕೆರೆದ್ಬಿಟ್ನೇನೋ. ನಂಗೆ ಮುಖ ತೋರ್ಸೋ ಧೈರ್ಯ ಇಲ್ಲ. ನೀನೊಂದ್ಸಲ ಹೋಗಿ, ಹೇಗಿದ್ದಾನೆ ಅಂತ ನೋಡ್ಕೊಂಡ್ ಬಾರೆ." ಹೋಗ್ತೀನ್ರಿ ಎನ್ನುತ್ತಿದ್ದೆ. ಮಗನ ಪರೀಕ್ಷೆ, ಅತ್ತೆಯ ಕಾಯಿಲೆ, ಏನಾದರೊಂದು ಇರುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಭಯ. ಅವನು ಬೈದರೆ ಅದನ್ನು ಹೊತ್ತು ತಂದು ಇವರಿಗೆ ಹೇಗೆ ಹೇಳಲಿ? ಹೀಗೇ ಎರಡು ವರ್ಷ ಕಳೆದೆ. ಒಂದು ಬೆಳಿಗ್ಗೆ ಹಾಲು ಕಾಯಲಿಟ್ಟ ಮೇಡಂ ಹಾಗೇ ಕುಸಿದು ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ಊಟ ಮುಗಿಸಿ, ಮನಸ್ಸು ತಡೆಯದೆ, ಅಂದೇ ಬಸ್ಸು ಹತ್ತಿದೆ. ಮೇಸ್ತ್ರಿ ತೋಟದ ಶೆಡ್ಡಿನಲ್ಲೇ ಇದ್ದ, ತಲೆ ಪೂರಾ ನರೆತಿತ್ತು. ಎಕ್ಸ್‌ಚೇಂಜಿನಿಂದ ಬಂದೆ ಎಂದದ್ದೇ ತಡ, ಟವೆಲ್ಲಿನಿಂದ ಸ್ಟೂಲು ಒರೆಸಿ ಕೂರಿಸಿದ.

"ಆಯಮ್ಮ ಏಳೋ ತನಕ ಮಗೀನ ನಾನೇ ಸಾಯಿಸ್ದೆ ಅನ್ಕಂಡಿದ್ದೆ ಕಣಮ್ಮ. ಜಾಗ ಏಳ್ದೆ ಫೋನ್ ಬುಟ್ಟು ಓಡ್ದೋನು ನಾನಲ್ವಾ? ಎಂಡ್ರುಗೂ ಏಳಿರ್ಲಿಲ್ಲ. ಆವತ್ತು ಆಯಮ್ಮ ತಪ್ಪು ನಂದು ಅಂದ್ರು. ಇಷ್ಟು ವರ್ಸ ಇನ್ನೊಂದ್ ಜೀವಾನೂ ನನ್ ಮಗೀಗೆ ಅಳ್ತಾ ಐತೆ ಅಂತ ಗೊತ್ತಾಯ್ತು. ಮಾತೇ ಬರ್ಲಿಲ್ಲ, ಇಟ್ಬುಟ್ಟೆ. ಅವತ್ತು ರಾತ್ರಿ ನಿದ್ದೆ ಬಂತು ಕಣಮ್ಮ. ಮಾರ್ನೆ ದಿನ ಏಳಾನ ಅಂತ ಫೋನ್ ಎತ್ತುದ್ರೆ ಗುಂಯ್ ಅಂತದೆ, ಯಾರೂ ಇಲ್ಲ. ಆಯಮ್ಮನ ಎಸ್ರೂ ಗೊತ್ತಿಲ್ಲ, ನಿಮ್ ಆಪೀಸೂ ಕಂಡೋನಲ್ಲ, ಎಲ್ಲಿ ಅಂತ ಉಡುಕ್ಲಿ? ಎಂಗವ್ರೆ ಈಗ?"

ಹೋಗಿ ಹದಿಮೂರು ದಿನವಾಯಿತು ಎಂದು ನಾನು ಹೇಳಬೇಕಾಯಿತು.

ಯಲಹಂಕದಿಂದ ಆ ತೋಟಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಆ ಅರ್ಧ ಗಂಟೆ ನನಗೆ ಎರಡು ವರ್ಷ ಸಿಕ್ಕಿರಲಿಲ್ಲ.